ಚೈನು ಹಿಡಿದ ಕೈ ಯಾಕೆ ಬಗ್ಗುವುದಿಲ್ಲ?

“ನಿಮ್ದು ಯಾವ ಊರಾಯ್ತು?”

ಕೇಳಿದವರು ನಮ್ಮ ರಸ್ತೆಯ ಕೊನೆಯ ಮನೆಯ ಹಿರಿಯರು. ಬೆಳಗಿನ ಆರೂಕಾಲು ಗಂಟೆ. ರಾಗಿಗುಡ್ಡದ ಬುಡದ ರಸ್ತೆಯಲ್ಲಿ, ಎಡಗೈಯಲ್ಲಿ ಒಂದು ಲ್ಯಾಬ್ರಡಾರ್ ನಾಯಿಯ ಚೈನು, ಬಲಗೈಯಲ್ಲಿ ಹಳೆಯ ಪೇಪರ್ ಹಿಡಿದು, ಬಗ್ಗಿ ಅದರ ಹೇಲನ್ನು ಎತ್ತುತ್ತಿದ್ದೆ. “ನೀವ್ಯಾಕ್ರೀ ಇದನ್ನೆಲ್ಲ ಮುಟ್ತೀರ? ಇನ್ನೇನು ಅವ್ರು ಬರ್ತಾರಲ್ಲ, ಗುಡಿಸ್ತಾರೆ” ಅಂದರು ಮೊದಲು. “ಪರವಾಗಿಲ್ಲ ಅಂಕಲ್, ನಾಯಿ ಕರ್ಕೊಂಡು ಬಂದಿದ್ದು ನಾನೇ ಅಲ್ವಾ” ಅಂದೆ. ಅವರು ನನ್ನನ್ನೊಮ್ಮೆ, ಪೇಪರನ್ನೊಮ್ಮೆ ನೋಡಿದರು. ಆಮೇಲೆ ಬಂದದ್ದು ಊರಿನ ಪ್ರಶ್ನೆ. ಊರು ಹೇಳಿದೆ. “ಅಲ್ಲಿ ಯಾರ ಪೈಕಿ?” ಅಂದರು.

ಎರಡು ವರ್ಷದಿಂದ ಅದೇ ರಸ್ತೆಯಲ್ಲಿ ಬಾಡಿಗೆಗಿದ್ದೇನೆ. ಇದುವರೆಗೆ ಅವರು ನನ್ನನ್ನು ಕೇಳುತ್ತಿದ್ದದ್ದು ಪಿಎಚ್‌ಡಿ ಯಾವಾಗ ಮುಗಿಯುತ್ತದೆ ಎಂದು ಮಾತ್ರ. ಅದೂ ಹಿಂಸೆಯ ಪ್ರಶ್ನೆಯೇ, ಆದರೆ ಬೇರೆ ಜಾತಿಯ ಹಿಂಸೆ. ನಾಯಿ ಹಿಡಿದುಕೊಂಡು ಸುಮ್ಮನೆ ನಡೆದಷ್ಟು ದಿನ ನಾನು ಯಾರ ಪೈಕಿ ಎಂಬುದು ಯಾರಿಗೂ ಬೇಕಿರಲಿಲ್ಲ. ಬಗ್ಗಿದ ಕೂಡಲೇ ಬೇಕಾಯಿತು.

ಹೊರಗಿನವರಿಗೆ ರಾಗಿಗುಡ್ಡ ಎಂದರೆ 2023ರ ಅಕ್ಟೋಬರಿನ ಕಲ್ಲು ತೂರಾಟ, ನಿಷೇಧಾಜ್ಞೆ, ಟಿವಿ ಕ್ಯಾಮೆರಾ. ಇಲ್ಲಿರುವ ನಮಗೆ ಅದು ಶಿವಮೊಗ್ಗದ ಅಂಚಿನ ಒಂದು ಗುಡ್ಡ ಮತ್ತು ಅದರ ಸುತ್ತ ದಿನಕ್ಕೊಂದು ಮನೆಯೇಳುತ್ತಿರುವ ಬಡಾವಣೆಗಳು. ಹೊಸ ಮನೆಗೆ ಹೊಸ ಗೇಟು, ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಬೋರ್ಡು, ಬೋರ್ಡಿನ ಹಿಂದೆ ನಿಜವಾಗಿಯೂ ಒಂದು ನಾಯಿ. ಬೆಳಗಾದರೆ ಆ ನಾಯಿಗಳೆಲ್ಲ ವಾಕಿಂಗಿಗೆ ಹೊರಡುತ್ತವೆ. ವಾಕಿಂಗ್ ಎಂಬುದು ಸಭ್ಯ ಹೆಸರು. ತನ್ನ ಕಾಂಪೌಂಡಿನೊಳಗೆ ಆಗಬಾರದ ಕೆಲಸವನ್ನು ಬೇರೆಯವರ ಗೇಟಿನ ಮುಂದೆ, ಖಾಲಿ ಸೈಟಿನಲ್ಲಿ, ಗುಡ್ಡದ ದಾರಿಯಲ್ಲಿ ಮುಗಿಸಿ ಬರುವುದಕ್ಕೆ ಹೋಗುವ ಪ್ರಯಾಣ ಅದು.

ನನ್ನ ಜಗಳ ನಾಯಿಯ ಜೊತೆ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಚೈನಿನ ಇನ್ನೊಂದು ತುದಿಯಲ್ಲಿರುವವರ ಜೊತೆ. ಅವರಲ್ಲಿ ನಾನೂ ಒಬ್ಬ.

ನಾಯಿ ನನ್ನದಲ್ಲ. ನಮ್ಮ ಮನೆ ಓನರ್ ಒಂದು ತಿಂಗಳ ಮಟ್ಟಿಗೆ ಬೆಂಗಳೂರಿನ ಮಗಳ ಮನೆಗೆ ಹೊರಟಾಗ ಬ್ರೂನೊನ ಜವಾಬ್ದಾರಿ ನನ್ನ ಪಾಲಿಗೆ ಬಂತು. ಊಟದ ಅಳತೆ, ಸ್ನಾನದ ಶಾಂಪೂ, ಉಣ್ಣೆಗೆ ಹಚ್ಚುವ ಔಷಧಿ, ಎಲ್ಲವನ್ನೂ ಬರೆದುಕೊಟ್ಟಿದ್ದರು. “ಬೆಳಿಗ್ಗೆ, ಸಂಜೆ ಪಾಟಿಗೆ ಕರ್ಕೊಂಡ್ಹೋಗ್ಬೇಕು” ಎಂಬ ಸಾಲೂ ಇತ್ತು. ಪಾಟಿಯ ನಂತರ ಏನು ಎಂಬ ಸಾಲು ಇರಲಿಲ್ಲ. ಮೊದಲ ಮೂರು ದಿನ ಆ ಸಾಲು ಇಲ್ಲದ್ದು ನನಗೂ ಗಮನಕ್ಕೆ ಬರಲಿಲ್ಲ. ಬ್ರೂನೊ ಬೆನ್ನು ಬಾಗಿಸಿದ ತಕ್ಷಣ ನಾನು ಮೊಬೈಲು ನೋಡುತ್ತಿದ್ದೆ, ಇಲ್ಲವೇ ಮಳೆ ಬರುತ್ತದೋ ಎಂದು ಮೇಲೆ ನೋಡುತ್ತಿದ್ದೆ. ನಾಯಿ ಸಾಕಿದವರಷ್ಟು ಆಕಾಶ ನೋಡುವವರು ಶಿವಮೊಗ್ಗದಲ್ಲಿ ಬೇರೆ ಯಾರೂ ಇರಲಾರರು.

‘ಪಾಟಿ’ ಎಂಬ ಮಾತಿನ ಬಗ್ಗೆ ಒಂದು ಮಾತು. ಬೀದಿ ನಾಯಿ ಮಾಡಿದರೆ ಅದು ಹೇಲು, ಗಲೀಜು, ಹೊಲಸು. ಗೇಟಿನೊಳಗಿನ ನಾಯಿ ಮಾಡಿದರೆ ಪಾಟಿ. ಮಗುವಿನದಕ್ಕೆ ಇಡುವ ಹೆಸರನ್ನು ಇದಕ್ಕೂ ಇಟ್ಟಿದ್ದೇವೆ. ಒಳ್ಳೆಯದೇ. ಆದರೆ ಮಗುವಿನದನ್ನು ತಾಯಿ ತೊಳೆಯುತ್ತಾಳೆ. ಹೆಸರನ್ನು ಮಗುವಿನಿಂದ ತಂದವರು ಕೆಲಸವನ್ನು ಮಾತ್ರ ಪೌರಕಾರ್ಮಿಕರಿಗೆ ಬಿಟ್ಟರು.

ನಾಲ್ಕನೆಯ ದಿನ ನಾನು ಸ್ವಲ್ಪ ತಡವಾಗಿ ಹೊರಟೆ. ಅದೇ ತಿರುವಿನಲ್ಲಿ, ಹಿಂದಿನ ದಿನ ಬ್ರೂನೊ ಕೂತಿದ್ದ ಜಾಗದಲ್ಲಿ, ಹಸಿರು ಕೋಟಿನ ಒಬ್ಬ ಹೆಂಗಸು ಮೋರಿ ಕಲ್ಲಿನ ಪಕ್ಕ ತಗಡಿನ ಚೂರಿನಿಂದ ಏನನ್ನೋ ಕೆರೆಯುತ್ತಿದ್ದರು. ರಾತ್ರಿ ಮಳೆ ಬಂದಿತ್ತು. ಏನು ಕೆರೆಯುತ್ತಿದ್ದಾರೆ ಎಂದು ಗೊತ್ತಾಗಲು ಒಂದು ನಿಮಿಷ ಬೇಕಾಯಿತು. “ಅಕ್ಕಾ, ಇದು ನಮ್ಮ ನಾಯೀದು” ಅಂದೆ. ಏನು ಹೇಳಬೇಕೋ ತೋಚದೆ ಬಂದ ಮಾತು. ಅವರು ಬೇಸರವೇನೂ ಮಾಡಿಕೊಳ್ಳಲಿಲ್ಲ. “ಒಣಗಿದ್ರೆ ಪೊರಕೆಗೆ ಬರುತ್ತೆ ಸಾರ್. ಮಳೆಗಾಲದಲ್ಲೇ ಕಷ್ಟ, ಅಂಟ್ಕೊಳುತ್ತೆ. ಕೈಯಲ್ಲೇ ಕೆರೀಬೇಕು.” ಗ್ಲೌಸು? “ಗ್ಲೌಸ್ ಹಾಕ್ಕೊಂಡ್ರೆ ಪೊರಕೆ ಹಿಡ್ತ ಸಿಗಲ್ಲ.” ಇಷ್ಟು ಹೇಳಿ ಬ್ರೂನೊನ ತಲೆ ಸವರಿದರು. ಅದು ಬಾಲ ಅಲ್ಲಾಡಿಸಿತು. ಎರಡಕ್ಕೂ ಮೊದಲಿಂದ ಪರಿಚಯ ಇದ್ದಂತಿತ್ತು.

ಮರುದಿನದಿಂದ ಪೇಪರ್ ಒಯ್ಯತೊಡಗಿದೆ. ಇದರಲ್ಲಿ ದೊಡ್ಡತನ ಏನೂ ಇಲ್ಲ, ಇನ್ನೊಬ್ಬರ ಕೈಯಲ್ಲಿ ತಗಡಿನ ಚೂರು ನೋಡಿದ ಮೇಲೆ ಬಂದ ಬುದ್ಧಿ.

ಕರ್ನಾಟಕದಲ್ಲಿ ಮಲದ ಮಾತು ತೆಗೆದರೆ ಅದು ಆರೋಗ್ಯ ಇಲಾಖೆಯ ಮಾತಾಗಿ ಮುಗಿಯುವುದಿಲ್ಲ. ಬಿ. ಬಸವಲಿಂಗಪ್ಪ ಎಂದ ಕೂಡಲೇ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಾಗುವುದು 1973ರ ಬೂಸಾ ಪ್ರಕರಣ. ಕನ್ನಡ ಸಾಹಿತ್ಯವನ್ನು ಬೂಸಾ ಎಂದರೆಂದು ರಾಜ್ಯವೇ ಹೊತ್ತಿ ಉರಿದ ಕಥೆಯನ್ನು ಸೆಮಿನಾರುಗಳಲ್ಲಿ ಎಷ್ಟು ಸಲ ಕೇಳಿಲ್ಲ. ಅದೇ ಮಂತ್ರಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆದೇಶಿಸಿದವರು ಎಂಬುದು ನಮ್ಮ ಸೆಮಿನಾರುಗಳಲ್ಲಿ ಅಡಿಟಿಪ್ಪಣಿ. ಇಲ್ಲಿಂದ ಹದಿನೈದಿಪ್ಪತ್ತು ಕಿಲೋಮೀಟರು ದೂರದ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಆ ಗದ್ದಲದ ಬೆನ್ನಿಗೇ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಲು ಹೊರಟರು. 2010ರ ಜುಲೈಯಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಈ ಚರಿತ್ರೆ ಇರುವ ನೆಲದಲ್ಲಿ ನಿಂತು “ಇನ್ನೇನು ಅವ್ರು ಬರ್ತಾರಲ್ಲ” ಎನ್ನುವಾಗ ಆ ‘ಅವ್ರು’ ಯಾರು ಎಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು.

ಕಾನೂನು ಏನು ಹೇಳುತ್ತದೆ? 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ವ್ಯಾಖ್ಯೆ ನಿಂತಿರುವುದು ಮನುಷ್ಯರ ಮಲದ ಮೇಲೆ. ನಾಯಿಯ ಹೇಲು ಅದರೊಳಗೆ ಬರುವುದಿಲ್ಲ. ಅಂದರೆ ನಮ್ಮ ಮನೆಯ ಮನುಷ್ಯರದ್ದನ್ನು ಇನ್ನೊಬ್ಬರ ಕೈಯಲ್ಲಿ ಎತ್ತಿಸಿದರೆ ಅಪರಾಧ, ನಮ್ಮ ಮನೆಯ ನಾಯಿಯದ್ದನ್ನು ಎತ್ತಿಸಿದರೆ ಬೆಳಗಿನ ವಾಕಿಂಗು. ಕಾಯ್ದೆ ಬರೆದವರನ್ನು ದೂರುತ್ತಿಲ್ಲ, ಅವರ ಮುಂದೆ ಇದ್ದ ಸಮಸ್ಯೆಯೇ ಬೇರೆ. ಆದರೆ ಕೆರೆಯುವ ಕೈ ಎರಡೂ ಕಡೆ ಒಂದೇ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ಶಾಲು ಹೊದೆಸಿಕೊಳ್ಳುವುದೂ ಅದೇ ಕೈಗಳವರೇ.

ರಾಗಿಗುಡ್ಡದ ಈ ಸಣ್ಣ ವಿಷಯ ನನ್ನ ತಲೆಯಲ್ಲಿ ದೊಡ್ಡದಾದದ್ದು ಸಮುದ್ರದ ದಂಡೆಯಲ್ಲಿ. ಕಳೆದ ಚಳಿಗಾಲದಲ್ಲಿ ನಾವು ಮೂವರು ಗೆಳೆಯರು ಹೊನ್ನಾವರಕ್ಕೆ ಹೋಗಿದ್ದೆವು. ಶಿವಮೊಗ್ಗದವರಿಗೆ ಸಮುದ್ರ ಎಂದರೆ ಒಂದೋ ಆಗುಂಬೆ ಇಳಿದು ಮಲ್ಪೆ, ಇಲ್ಲವೇ ಸಾಗರ, ಜೋಗ ದಾಟಿ ಗೇರುಸೊಪ್ಪೆಯ ತಿರುವುಗಳನ್ನಿಳಿದು ಹೊನ್ನಾವರ. ಅಲ್ಲಿ ಶರಾವತಿಯ ಸೇತುವೆ ದಾಟಿದರೆ ಕಾಸರಕೋಡು. ಕಾಸರಕೋಡಿಗೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಬಂತು. ಡೆನ್ಮಾರ್ಕಿನಲ್ಲಿ ಕಚೇರಿಯಿರುವ ಒಂದು ಅಂತರರಾಷ್ಟ್ರೀಯ ಸಂಸ್ಥೆ ಕೊಡುವ ಮಾನ್ಯತೆ ಇದು. ನೀರಿನ ಶುದ್ಧತೆ, ಶೌಚಾಲಯ, ಕಸದ ಬುಟ್ಟಿ, ಜೀವರಕ್ಷಕರು ಹೀಗೆ 33 ಮಾನದಂಡಗಳು. ಅದರಲ್ಲಿ ಒಂದು: ನಾಯಿ ಮತ್ತಿತರ ಸಾಕುಪ್ರಾಣಿಗಳು ದಂಡೆಗೆ ಬರುವುದನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಬೇಕು.

ಇದಕ್ಕೆ ಕಾರಣ ಇದೆ. ನಾಯಿಯ ಕರುಳಿನ ಕೊಕ್ಕೆಹುಳದ ಮೊಟ್ಟೆಗಳು ಹೇಲಿನ ಜೊತೆ ಮರಳಿಗೆ ಬೀಳುತ್ತವೆ. ಬೆಚ್ಚಗಿನ, ತೇವದ, ನೆರಳಿನ ಮರಳು ಅವಕ್ಕೆ ತೊಟ್ಟಿಲು. ಒಡೆದು ಬಂದ ಮರಿಹುಳ ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ. ಮನುಷ್ಯರ ಮೈಯಲ್ಲಿ ಅದಕ್ಕೆ ಮುಂದಿನ ದಾರಿ ಗೊತ್ತಾಗುವುದಿಲ್ಲ, ಚರ್ಮದಡಿಯೇ ಹಾವಿನಂತೆ ಹರಿದಾಡಿ ಕೆಂಪು ಗೆರೆ ಎಳೆಯುತ್ತದೆ, ವಿಪರೀತ ತುರಿಕೆ. ಚಪ್ಪಲಿ ಹಾಕಿ ನಡೆಯುವವರಿಗೆ ಇದು ಬರುವುದು ಕಡಿಮೆ. ಬರಿಗಾಲಿನವರಿಗೆ, ಮರಳಲ್ಲಿ ಕೂತು ಕೆಲಸ ಮಾಡುವವರಿಗೆ, ಆಡುವ ಮಕ್ಕಳಿಗೆ ಬರುತ್ತದೆ.

ನಾವು ಹೋದ ಸಂಜೆ ಒಂದು ದೊಡ್ಡ ಕಾರಿನವರು ತಮ್ಮ ನಾಯಿಯೊಂದಿಗೆ ಬಂದಿದ್ದರು. ಅಚ್ಚುಕಟ್ಟು ಮಾಡಿದ ದಂಡೆಯೊಳಗೆ ನಾಯಿಗೆ ಪ್ರವೇಶ ಇಲ್ಲ ಎಂದು ಗೊತ್ತಾದಾಗ ಅವರು ಜಗಳವಾಡಲಿಲ್ಲ, ಮರಳಿ ಹೋಗಲೂ ಇಲ್ಲ. ಸ್ವಲ್ಪ ಮುಂದೆ ಟೊಂಕದ ಕಡೆ, ಮೀನುಗಾರರ ಹೆಂಗಸರು ಒಣಮೀನು ಹರಡುವ ಮರಳಿಗೆ ಹೋದರು. ಅಲ್ಲಿ ಚೈನು ಬಿಚ್ಚಿದರು. ನಾಯಿ ಖುಷಿಯಿಂದ ಓಡಿತು (ಯಾವ ನಾಯಿಗೆ ಸಮುದ್ರ ಕಂಡರೆ ಖುಷಿಯಾಗುವುದಿಲ್ಲ!), ಆಮೇಲೆ ಒಂದು ಕಡೆ ಕೂತಿತು. ಯಜಮಾನರು ಷೂ ತುದಿಯಿಂದ ನಾಲ್ಕು ಸಲ ಮರಳು ಎಳೆದು ಮುಚ್ಚಿದರು. ಬಲೆ ಸುತ್ತುತ್ತಿದ್ದ ಹೆಂಗಸೊಬ್ಬರು ನಮ್ಮ ಕಡೆ ತಿರುಗಿ, “ಬೀದಿ ನಾಯಿ ಆದ್ರೆ ಕೋಲು ತಕಂಡು ಓಡಿಸ್ತೇವೆ. ಇವ್ರ ನಾಯಿಗೆ ಎಂತ ಮಾಡೂದು?” ಅಂದರು. ನಮ್ಮಲ್ಲಿ ಉತ್ತರ ಇರಲಿಲ್ಲ. ನಾವೂ ಕಾರಿನಲ್ಲೇ ಬಂದಿದ್ದೆವು.

ನಿಷೇಧದ ಬೋರ್ಡಿನಿಂದ ಆದದ್ದೇನು? ಪ್ರವಾಸಿಗರ ಮರಳು ಸ್ವಚ್ಛವಾಗಿ ಉಳಿಯಿತು, ಪ್ರವಾಸಿಗರ ನಾಯಿಯ ಹೇಲು ಮೀನುಗಾರರ ಮರಳಿಗೆ ವರ್ಗವಾಯಿತು. ಹಾಗಾಗಿ ನನಗೆ ‘ಇಲ್ಲಿ ನಾಯಿ ತರಬೇಡಿ’ ಎಂಬ ಬೋರ್ಡುಗಳ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಗುಡ್ಡಕ್ಕೆ ನಿಷೇಧ ಹಾಕಿದರೆ ಗುಡ್ಡದ ಕೆಳಗಿನ ಗುಡಿಸಲಿನ ಮುಂದೆ ಕೂರಿಸುತ್ತೇವೆ. ಪಾರ್ಕಿಗೆ ಹಾಕಿದರೆ ಸರ್ಕಾರಿ ಶಾಲೆಯ ಮೈದಾನ ಇದ್ದೇ ಇದೆ.

ಬೀದಿ ನಾಯಿಗಳ ವಿಷಯಕ್ಕೆ ಬರೋಣ, ಏಕೆಂದರೆ ನಾನು ಈ ಮಾತು ಎತ್ತಿದಾಗಲೆಲ್ಲ ಸಿಗುವ ಮೊದಲ ಉತ್ತರ ಅದೇ: “ಬೀದಿ ನಾಯಿ ಮಾಡಲ್ವಾ?” ಮಾಡುತ್ತದೆ. ಅದಕ್ಕೆ ಯಜಮಾನನಿಲ್ಲ, ಯಜಮಾನನಿಗೆ ಇರುವ ಎರಡು ಕೈಗಳಿಲ್ಲ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಸಂತಾನಹರಣ ಚಿಕಿತ್ಸೆ ಮಾಡಿ ಲಸಿಕೆ ಹಾಕಿದ ಬೀದಿ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬಿಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ನವೆಂಬರ್ 7ರಂದು ಶಾಲೆ ಕಾಲೇಜು, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ತೆಗೆದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಕೂಡದು ಎಂದಿತು. ಆ ದಿನಗಳಲ್ಲಿ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅತಿ ಹೆಚ್ಚು ಚಪ್ಪಾಳೆ ತಟ್ಟಿದವರು ಸ್ವತಃ ನಾಯಿ ಸಾಕಿದವರು. ಬೀದಿ ನಾಯಿಗಳಿಂದ ತಮ್ಮ ನಾಯಿಯ ವಾಕಿಂಗಿಗೆ ತೊಂದರೆಯಂತೆ. ಬೀದಿ ನಾಯಿ ಕಚ್ಚುವುದು ಸುಳ್ಳಲ್ಲ. ರೇಬಿಸ್ ಬಂದರೆ ಸಾವೇ ಗತಿ, ಮತ್ತು ಸಾಯುವವರಲ್ಲಿ ಹೆಚ್ಚಿನವರು ಬಡವರು, ಮಕ್ಕಳು. ಅದನ್ನು ನಾನು ಹಗುರ ಮಾಡಲಾರೆ. ಆದರೆ ಕಚ್ಚುವುದರ ಚರ್ಚೆಯೊಳಗೆ ಹೇಲಿನ ಲೆಕ್ಕವನ್ನೂ ಸೇರಿಸಿ, ಎರಡನ್ನೂ ಬೀದಿ ನಾಯಿಯ ಖಾತೆಗೆ ಬರೆದು ಕೈ ತೊಳೆದುಕೊಳ್ಳುವ ಜಾಣತನ ಇದೆಯಲ್ಲ, ಅದು ನನಗೆ ಅಸಹ್ಯ.

ಎರಡನೆಯ ಉತ್ತರ: “ಮಣ್ಣಿಗೆ ಗೊಬ್ಬರ ಆಗುತ್ತೆ ಬಿಡ್ರಿ.” ಇದು ಮಲೆನಾಡಿನ ಉತ್ತರ, ಸಗಣಿಯಿಂದ ಬಂದದ್ದು. ಸಗಣಿಯನ್ನು ನಾವು ಬರಿಗೈಯಲ್ಲಿ ಬಾಚುತ್ತೇವೆ, ಅಂಗಳ ಸಾರಿಸುತ್ತೇವೆ, ಅದರ ಮೇಲೆ ರಂಗೋಲಿ ಹಾಕುತ್ತೇವೆ. ಹುಲ್ಲು ತಿನ್ನುವ ದನದ ಸಗಣಿ ಬೇರೆ, ಮಾಂಸ ತಿನ್ನುವ ಪ್ರಾಣಿಯ ಹುಳ ತುಂಬಿದ ಹೇಲು ಬೇರೆ. ನಿಜವಾಗಿಯೂ ಗೊಬ್ಬರ ಎಂಬ ನಂಬಿಕೆ ಇದ್ದರೆ ತಮ್ಮದೇ ಗುಲಾಬಿ ಕುಂಡಕ್ಕೆ ಹಾಕಿಕೊಳ್ಳುತ್ತಿದ್ದರು.

ಮೂರನೆಯದು ತೆರಿಗೆಯ ಉತ್ತರ. ತೆರಿಗೆ ಕಟ್ಟುತ್ತೇವೆ, ಗುಡಿಸುವವರಿಗೆ ಸಂಬಳ ಹೋಗುತ್ತದೆ. ಪ್ಯಾರಿಸ್ ನಗರ ಈ ಮಾತನ್ನು ಕೊನೆಯವರೆಗೂ ಒಯ್ದು ನೋಡಿತು. 1980ರ ದಶಕದಲ್ಲಿ ನಾಯಿಯ ಹೇಲನ್ನು ಪೈಪಿನಿಂದ ಹೀರಿಕೊಳ್ಳುವ ಮೋಟಾರ್‌ಸೈಕಲ್ಲುಗಳನ್ನೇ ರಸ್ತೆಗಿಳಿಸಿತು. ಖರ್ಚು ತಾಳಲಾರದೆ 2004ರ ಹೊತ್ತಿಗೆ ಅವನ್ನು ನಿಲ್ಲಿಸಿ, ಎತ್ತದ ಯಜಮಾನರಿಗೆ ದಂಡ ಹಾಕುವುದಕ್ಕೆ ಬಂತು. ನ್ಯೂಯಾರ್ಕಿನಲ್ಲಿ 1978ರ ಆಗಸ್ಟಿನಿಂದಲೇ ನಾಯಿಯ ಯಜಮಾನರೇ ಎತ್ತಬೇಕೆಂಬ ಕಾನೂನು ಇದೆ. ಕಾನೂನು ಬರುವ ಮುಂಚೆ ಅಲ್ಲಿಯೂ ಬೇಕಾದಷ್ಟು ಗೊಣಗಾಟ ಇತ್ತು, ಆಮೇಲೆ ಜನ ರೂಢಿಮಾಡಿಕೊಂಡರು. ಇಲ್ಲಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ನಮ್ಮವರೂ ಅಲ್ಲಿ ಜೇಬಿನಲ್ಲಿ ಚೀಲ ಇಟ್ಟುಕೊಂಡು ಬೆಳಿಗ್ಗೆ ಬಗ್ಗುತ್ತಾರೆ. ರಜೆಗೆ ಶಿವಮೊಗ್ಗಕ್ಕೆ ಬಂದು ಅಪ್ಪನ ಮನೆಯ ನಾಯಿಯನ್ನು ಹೊರಗೆ ಒಯ್ದಾಗ ಅದೇ ಬೆನ್ನು ಬಗ್ಗುವುದಿಲ್ಲ. ಬೆನ್ನುಮೂಳೆಗೆ ವಿಮಾನದಲ್ಲಿ ಏನಾಗುತ್ತದೋ!

ಪ್ಯಾರಿಸ್ಸಿಗೆ ಯಂತ್ರ ಬೇಕಾಯಿತು. ನಮಗೆ ಯಂತ್ರ ಬೇಕಾಗಲಿಲ್ಲ, ಆ ಕೆಲಸಕ್ಕೆಂದೇ ನಾವು ಹುಟ್ಟಿನಿಂದ ಜನರನ್ನು ಗುರುತಿಸಿ ಇಟ್ಟಿದ್ದೆವು.

ಕನ್ನಡ ಸಾಹಿತ್ಯದಲ್ಲಿ ನಾಯಿಯೊಂದಿಗೆ ನಡೆದವರಲ್ಲಿ ನಾಯಿಗುತ್ತಿಯಷ್ಟು ನಡೆದವರು ಇನ್ನೊಬ್ಬರಿಲ್ಲ. ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಗುತ್ತಿಯನ್ನೂ ಅವನ ಹುಲಿಯನನ್ನೂ ಬೇರೆಬೇರೆಯಾಗಿ ನೆನೆಯಲು ಆಗುವುದಿಲ್ಲ. ಸಿಂಬಾವಿ ಹೆಗ್ಗಡೆಯವರ ಜೀತದಾಳು ಅವನು, ಹೊಲೆಯರವನು. ತೀರ್ಥಹಳ್ಳಿ ಸೀಮೆಯ ಕಾಡುಗಳನ್ನು ಆ ನಾಯಿಯನ್ನು ಕಟ್ಟಿಕೊಂಡೇ ಸುತ್ತುತ್ತಾನೆ. ಅವನ ಹೆಸರಿನ ಮುಂದೆ ನಾಯಿ ಬಂದು ಕೂತದ್ದು ಹಾಗೆ. ನಾನು ಬಿಎ ಓದುವಾಗ ಆ ಹೆಸರನ್ನು ಪ್ರೀತಿಯ ಅಡ್ಡಹೆಸರು ಎಂದೇ ತಿಳಿದಿದ್ದೆ. ಈಗ ಅಷ್ಟು ಸಲೀಸಾಗಿ ತಿಳಿಯಲಾರೆ. ಹೆಗ್ಗಡೆಯವರ ಮನೆಗಳಲ್ಲೂ ಬೇಟೆ ನಾಯಿಗಳಿದ್ದವು, ಯಾವ ಹೆಗ್ಗಡೆಯೂ ನಾಯಿಹೆಗ್ಗಡೆ ಆಗಲಿಲ್ಲ. ನಾಯಿಯ ಜೊತೆಗಿದ್ದು ಮೇಲಾಗುವುದೋ ಕೆಳಗಾಗುವುದೋ ಎಂಬುದು ನಾಯಿಯಿಂದ ತೀರ್ಮಾನವಾಗುವ ವಿಷಯವಲ್ಲ. ಕಾದಂಬರಿಯ ಕೊನೆಗೆ ಹುಲಿಯ ಉಕ್ಕಿದ ತುಂಗೆಯ ಪಾಲಾಗುತ್ತದೆ. ಆ ಭಾಗ ಓದುವಾಗ ಅಳದವರನ್ನು ನಾನು ನೋಡಿಲ್ಲ. ಅತ್ತವರಲ್ಲಿ ಎಷ್ಟೋ ಮಂದಿ ಈಗ ಅದೇ ತುಂಗೆಯ ಊರಿನಲ್ಲಿ ಮನೆ ಕಟ್ಟಿ, ನಾಯಿ ಸಾಕಿ, ಬೆಳಿಗ್ಗೆ ಆಕಾಶ ನೋಡುತ್ತಾ ನಿಲ್ಲುತ್ತಾರೆ. ಇದನ್ನು ಓದುತ್ತಿರುವವರಲ್ಲೂ ಇರಬಹುದು, ಅವರಿಗೇ ಬರೆಯುತ್ತಿದ್ದೇನೆ.

ನಾನು ಕೇಳುತ್ತಿರುವುದು ಸಣ್ಣದು. ಒಂದು ಹಾಳೆ ಪೇಪರ್, ಹತ್ತು ಸೆಕೆಂಡು. ಎತ್ತಿ ತಂದು ನಿಮ್ಮದೇ ಮನೆಯ ಕಕ್ಕಸಿಗೆ ಹಾಕಿ ನೀರು ಬಿಡಿ, ಪೇಪರನ್ನು ಬೇರೆ ಮಾಡಿ. ಹಿತ್ತಲು ಇದ್ದರೆ ತೆಂಗಿನ ಮರದ ಹತ್ತಿರ ಆಳಕ್ಕೆ ಗುಂಡಿ ತೆಗೆದು ಮುಚ್ಚಿ. ದಯವಿಟ್ಟು ಹಸಿಕಸದ ಬಕೆಟ್ಟಿಗೆ ಸುತ್ತಿ ಹಾಕಬೇಡಿ. ಕಸದ ಗಾಡಿಯಲ್ಲಿ ನಿಂತು ಅದನ್ನು ಬಿಚ್ಚಿ ಬೇರ್ಪಡಿಸುವುದೂ ಅವೇ ಕೈಗಳು, ಮೋರಿಯ ಬದಲು ಬಕೆಟ್ಟಿನಲ್ಲಿ ಕೊಟ್ಟಂತಾಗುತ್ತದೆ ಅಷ್ಟೆ. ಪಾಲಿಕೆ ದಂಡ ಹಾಕಲಿ ಎಂದೂ ಹೇಳಬಹುದು, ಹೇಳುತ್ತೇನೆ. ಆದರೆ ಬೆಳಗಿನ ಆರೂಕಾಲಿಗೆ ದಂಡ ಹಾಕಲು ಯಾರೂ ಬರುವುದಿಲ್ಲ, ಗುಡಿಸಲು ಮಾತ್ರ ಬರುತ್ತಾರೆ.

ಆ ಹಿರಿಯರಿಗೆ ನಾನು ಯಾರ ಪೈಕಿ ಎಂದು ಹೇಳಲಿಲ್ಲ. “ಬ್ರೂನೊ ಪೈಕಿ ಅಂಕಲ್” ಅಂದೆ. ನಗಬೇಕೋ ಬೇಡವೋ ಗೊತ್ತಾಗದೆ ಹಾಲಿನ ಪ್ಯಾಕೆಟ್ ಹಿಡಿದು ಒಳಗೆ ಹೋದರು. ಅದಾದ ಮೇಲೆ ಪಿಎಚ್‌ಡಿ ಬಗ್ಗೆಯೂ ಕೇಳಿಲ್ಲ.

ತಿಂಗಳು ಮುಗಿದು ಓನರ್ ಬಂದರು. ಚೈನಿನ ಜೊತೆಗೆ ಕತ್ತರಿಸಿ ಮಡಿಸಿಟ್ಟ ಹಳೇ ಪೇಪರಿನ ಒಂದು ಕಟ್ಟನ್ನೂ ಕೊಟ್ಟೆ. “ಇದ್ಯಾಕಪ್ಪ?” ಅಂದರು. ಹೇಳಿದೆ. ಮೋರಿ ಕಲ್ಲಿನ ಪಕ್ಕ ಕೆರೆಯುತ್ತಿದ್ದವರ ವಿಷಯವನ್ನೂ ಹೇಳಿದೆ. “ಹೌದೌದು, ಮಾಡ್ಬೇಕು ಕಣಪ್ಪ, ಮಾಡ್ಬೇಕು” ಎನ್ನುತ್ತಾ ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಬ್ರೂನೊ ಮುಂದೆ, ಅವರು ಹಿಂದೆ, ಗುಡ್ಡದ ಕಡೆ ಹೊರಟಿದ್ದರು. ಪೇಪರಿನ ಕಟ್ಟು ಕಾಂಪೌಂಡಿನ ಮೇಲೆ ಇತ್ತು. ರಾತ್ರಿಯ ಮಳೆಗೆ ಪೂರ್ತಿ ನೆಂದಿತ್ತು.